ನಾಲ್ಕು ತೊಟ್ಟಿಲಿನ ರಾಟೆ

ಮುಂಬಯಿಯಲ್ಲಿ ನೆಲೆಸಿರುವ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಈಚೆಗೆ ಒಂದು ಸಂಜೆ ದೂರವಾಣಿ ಮಾಡಿದ್ದ. ಕ್ಷೇಮಸಮಾಚಾರ, ಊರಿನ ಮಳೆ, ಅಡಿಕೆಯ ಕೊಳೆರೋಗ, ನನ್ನ ಮಂಡಿನೋವು ಎಲ್ಲವೂ ಮುಗಿದ ಮೇಲೆ ಸ್ವಲ್ಪ ಹೊತ್ತು ಸುಮ್ಮನಿದ್ದು, “ಸರ್, ಎಸೆಲ್‌ವರ್ಲ್ಡ್ ಮುಚ್ಚಿಬಿಟ್ಟರು, ನಿಮಗೆ ಗೊತ್ತಿತ್ತೇ?” ಎಂದು ಕೇಳಿದ. ನನಗೆ ಗೊತ್ತಿರಲಿಲ್ಲ. 1989ರಲ್ಲಿ ಗೊರಾಯಿಯಲ್ಲಿ ತೆರೆದ ಆ ವಿನೋದವನ 2022ರಲ್ಲಿ ಬಾಗಿಲು ಹಾಕಿತಂತೆ. “ಮಗಳು ಚಿಕ್ಕವಳಿದ್ದಾಗ ಕುಳಿತ ಆಟಗಳಲ್ಲೇ ಮೊಮ್ಮಗನನ್ನೂ ಕೂರಿಸಬೇಕು ಅಂದುಕೊಂಡಿದ್ದೆ ಸರ್” ಎನ್ನುವಾಗ ಅರವತ್ತು ದಾಟಿದ ಆ ಗೃಹಸ್ಥನ ಧ್ವನಿ ಒಂದಿಷ್ಟು ಭಾರವಾಯಿತು. ಬಹಳ ವರ್ಷಗಳ ಹಿಂದೆ ನಾನು ಮುಂಬಯಿಗೆ ಹೋದಾಗ ನನ್ನನ್ನೂ ದೋಣಿಯಲ್ಲಿ ಅಲ್ಲಿಗೆ ಕರೆದೊಯ್ದವನು ಅವನೇ. ಆ ಆಟಗಳ ಹೆಸರುಗಳೊಂದೂ ನನಗೀಗ ನೆನಪಿಲ್ಲ. ದೋಣಿ ಮಾತ್ರ ನೆನಪಿದೆ.

ದಿಲ್ಲಿಯಲ್ಲಿ ಕೆಲಸದಲ್ಲಿದ್ದ ಇನ್ನೊಬ್ಬ ವಿದ್ಯಾರ್ಥಿ 2008ರಲ್ಲಿ ಅಪ್ಪು ಘರ್ ಮುಚ್ಚಿದಾಗ ಇಂಥದೇ ಕಾಗದ ಬರೆದಿದ್ದ. 1982ರ ಏಷ್ಯನ್ ಕ್ರೀಡಾಕೂಟದ ಆನೆಮರಿ ಅಪ್ಪುವಿನ ಹೆಸರು ಹೊತ್ತು 1984ರಲ್ಲಿ ಪ್ರಗತಿ ಮೈದಾನದಲ್ಲಿ ಆರಂಭವಾದ ವನವದು. ಅವನ ಸಂಸಾರದ ಮೊದಲ ರಜಾದಿನಗಳೆಲ್ಲ ಅಲ್ಲಿಯೇ ಕಳೆದಿದ್ದವಂತೆ. ಆಗ ನಾನು ನಾಲ್ಕು ಸಾಲಿನ ಸಮಾಧಾನ ಬರೆದು ಕಳುಹಿಸಿ ಕೈತೊಳೆದುಕೊಂಡಿದ್ದೆ. ಕಬ್ಬಿಣದ ಯಂತ್ರಗಳಿಗಾಗಿ ದೊಡ್ಡವರು ದುಃಖಿಸುವುದು ನನಗೆ ಸ್ವಲ್ಪ ಬಾಲಿಶವೆಂದೇ ಕಂಡಿತ್ತು. ಈ ಸಲ ಹಾಗೆ ಕಾಣಲಿಲ್ಲ. ಮುಂಬಯಿಯವನ ಕರೆ ಮುಗಿದ ಮೇಲೆ ರಾತ್ರಿ ಬಹಳ ಹೊತ್ತು ನನಗೆ ನಿದ್ರೆ ಬರಲಿಲ್ಲ. ನನ್ನದೂ ಒಂದು ಆಟವಿದೆ, ಅದು ಇವರಿಬ್ಬರ ವನಗಳಿಗಿಂತ ಮೊದಲೇ ನಿಂತುಹೋಯಿತು. ಅದು ನಿಂತದ್ದಕ್ಕೆ ನಾನು ಕಾರಣನಲ್ಲ. ಆದರೆ ಅದರ ಜೊತೆ ನನ್ನದೊಂದು ಬಾಕಿ ಉಳಿದುಕೊಂಡಿದೆ. ಅದನ್ನು ಹೇಳಿಕೊಳ್ಳಲು ಇಷ್ಟು ವರ್ಷ ಬೇಕಾಯಿತು.

ನಮ್ಮ ಸೀಮೆಯವರಿಗೆ ಸಿರಸಿಯ ಮಾರಿಕಾಂಬೆಯ ಜಾತ್ರೆಯನ್ನು ವಿವರಿಸಬೇಕಾಗಿಲ್ಲ. ಆದರೆ ಇದನ್ನು ಓದುವ ಮೊಮ್ಮಕ್ಕಳಲ್ಲಿ ಕೆಲವರು ಅದನ್ನು ಕಂಡಿಲ್ಲ. ಎರಡು ವರ್ಷಕ್ಕೊಮ್ಮೆ, ಬೇಸಗೆಯ ಮುಖದಲ್ಲಿ, ಮಂಗಳವಾರ ರಾತ್ರಿ ದೇವಿಯ ಕಲ್ಯಾಣ. ಮರುದಿನ ರಥದಲ್ಲಿ ಬಿಡಕಿಬೈಲಿಗೆ ಬಂದು ಗದ್ದುಗೆಯ ಮೇಲೆ ಕುಳಿತಳೆಂದರೆ ಮುಂದಿನ ಬುಧವಾರದವರೆಗೆ ಊರಿಗೆ ಊರೇ ಜಾತ್ರೆ. ಬಳೆ, ಪಾತ್ರೆ, ಬೆಂಡು ಬತ್ತಾಸು, ನಾಟಕ, ಯಕ್ಷಗಾನ, ಸರ್ಕಸ್ಸು. ದೊಡ್ಡವರು ಹಣ್ಣುಕಾಯಿಯ ಸಾಲಿನಲ್ಲಿ ನಿಲ್ಲುತ್ತಿದ್ದರೆ ಮಕ್ಕಳಾದ ನಮ್ಮ ಕಣ್ಣು ಜನರ ತಲೆಗಳಾಚೆ ಒಂದನ್ನೇ ಹುಡುಕುತ್ತಿತ್ತು. ಅದೇ ತೊಟ್ಟಿಲು. ಕೆಲವು ಕಡೆ ಅದನ್ನು ರಂಕಲರಾಟೆಯೆನ್ನುತ್ತಾರೆ. ನಮ್ಮಲ್ಲಿ ತೊಟ್ಟಿಲೆಂದರೇ ಸಾಕು, ಕೂಸು ಮಲಗುವ ತೊಟ್ಟಿಲೋ ಜಾತ್ರೆಯ ತೊಟ್ಟಿಲೋ ಎಂದು ಯಾರೂ ಕೇಳುತ್ತಿರಲಿಲ್ಲ. ಕೇಳುವವನ ಮುಖ ನೋಡಿದರೆ ತಿಳಿಯುತ್ತಿತ್ತು.

ನಾನು ಹೇಳುತ್ತಿರುವುದು ಇಂದಿನ ಜಯಂಟ್ ವ್ಹೀಲ್ ಅಲ್ಲ. ನೆಲಕ್ಕೆ ಹೂತ ಎರಡು ಜೋಡಿ ದಪ್ಪ ಮರದ ಕಂಬಗಳು. ಅವುಗಳ ಕವಲಿನಲ್ಲಿ ಕೂರಿಸಿದ ಒಂದು ಕಬ್ಬಿಣದ ಅಚ್ಚು. ಅಚ್ಚಿನ ಎರಡೂ ಕೊನೆಗೆ ಅಡ್ಡಡ್ಡವಾಗಿ ಬಿಗಿದ ಮರದ ತೋಳುಗಳು. ತೋಳುಗಳ ತುದಿಯಲ್ಲಿ ನೇತಾಡುವ ನಾಲ್ಕು ಪೆಟ್ಟಿಗೆಗಳು, ಒಂದೊಂದರಲ್ಲೂ ಇಬ್ಬರು ದೊಡ್ಡ ಮಕ್ಕಳೋ ಮೂವರು ಚಿಕ್ಕವರೋ ಕೂರಬಹುದು. ಎತ್ತರವೆಂದರೆ ಹದಿಮೂರು ಅಡಿ ಇದ್ದೀತು. ಇಂಜಿನ್ನಿಲ್ಲ, ವಿದ್ಯುತ್ತಿಲ್ಲ. ಒಬ್ಬ ಮನುಷ್ಯ ಎದೆಯ ಮಟ್ಟಕ್ಕೆ ಬಂದ ತೊಟ್ಟಿಲನ್ನು ಕೈಯಿಂದ ಕೆಳಕ್ಕೆ ತಳ್ಳುತ್ತಾನೆ, ಅದು ಹೋಗುವಷ್ಟರಲ್ಲಿ ಮುಂದಿನದು ಬರುತ್ತದೆ, ಅದನ್ನೂ ತಳ್ಳುತ್ತಾನೆ. ಆರಂಭದ ಬಿಗಿ ಬಿಡಿಸಲು ಒಮ್ಮೊಮ್ಮೆ ತೋಳಿನ ಮೇಲೆಯೇ ಕಾಲಿಟ್ಟು ತನ್ನ ಮೈಭಾರವನ್ನೆಲ್ಲ ಹಾಕುತ್ತಾನೆ. ಅಚ್ಚಿಗೆ ಹರಳೆಣ್ಣೆ ಹಾಕಿದ್ದರೂ ಅದು ಕಿರುಗುಟ್ಟುತ್ತಿತ್ತು. ಆ ಸದ್ದು ರಥಬೀದಿಯ ಡೊಳ್ಳಿನ ನಡುವೆಯೂ ನನಗೆ ಬೇರೆಯಾಗಿ ಕೇಳಿಸುತ್ತಿತ್ತು.

ನಾನು ಮೊದಲು ಕುಳಿತಾಗ ನನಗೆ ಎಂಟು ವರ್ಷ. ಅಪ್ಪಯ್ಯ ನನ್ನನ್ನು ತೊಟ್ಟಿಲಿನಲ್ಲಿ ಇಟ್ಟು, “ತಮಾ, ಗಟ್ಟಿ ಹಿಡ್ಕ” ಎಂದು ಹಿಂದೆ ಸರಿದರು. ಮೇಲೆ ಹೋದಾಗ ರಥದ ಕಳಸ ಕಂಡಿತು. ಕೆಳಗೆ ಬಂದಾಗ ಹೊಟ್ಟೆ ಎಲ್ಲೋ ಹಿಂದೆಯೇ ಉಳಿದುಹೋಯಿತು. ಇಳಿದ ಮೇಲೆ ನಾನು ಅಳುತ್ತಿದ್ದೆನಂತೆ. ಅಪ್ಪಯ್ಯ ಹೆದರಿ ಸಮಾಧಾನ ಮಾಡಲು ಬಂದರೆ, “ಮತ್ತೊಂದು ಸಲ” ಎಂಬುದು ನನ್ನ ಅಳುವಿನ ಕಾರಣವಾಗಿತ್ತು. ಈ ಕಥೆಯನ್ನು ಆಯಿ ತನ್ನ ಕೊನೆಯ ವರ್ಷಗಳವರೆಗೂ ಮನೆಗೆ ಬಂದವರಿಗೆಲ್ಲ ಹೇಳುತ್ತಿದ್ದಳು.

ಮುಂದೆ ವಿಜ್ಞಾನದ ಮೇಷ್ಟ್ರಾದ ಮೇಲೆ ಈ ರಾಟೆಯ ಪೂರ್ವೋತ್ತರಗಳನ್ನು ಹುಡುಕುವ ಚಪಲ ಹತ್ತಿತು. ಇಟಲಿಯ ಪ್ರವಾಸಿ ಪಿಯೆತ್ರೋ ದೆಲ್ಲಾ ವಾಲೆ 1615ರಲ್ಲಿ ಕಾನ್‌ಸ್ಟಾಂಟಿನೋಪಲಿನ ಹಬ್ಬವೊಂದರಲ್ಲಿ ಇಂಥ ಚಕ್ರದಲ್ಲಿ ಕುಳಿತು ಬರೆದಿಟ್ಟಿದ್ದಾನೆ. ಇಂಗ್ಲೆಂಡಿನ ಪೀಟರ್ ಮಂಡಿ 1620ರಲ್ಲಿ ಇಂದಿನ ಬಲ್ಗೇರಿಯಾದಲ್ಲಿ ಇದನ್ನು ಕಂಡಿದ್ದಾನೆ. ಪಾಠಪುಸ್ತಕದವರಿಗೆ ಮಾತ್ರ ರಾಟೆಯ ಇತಿಹಾಸ ಆರಂಭವಾಗುವುದು 1893ರ ಷಿಕಾಗೋ ಮೇಳದಲ್ಲಿ, ಜಾರ್ಜ್ ಫೆರಿಸ್ ಎಂಬ ಇಂಜಿನಿಯರನಿಂದ. ಅವನದು 264 ಅಡಿ ಎತ್ತರದ ಉಕ್ಕಿನ ಚಕ್ರ. 36 ಗಾಡಿಗಳು, ಒಂದೊಂದರಲ್ಲಿ 60 ಜನ. ದೊಡ್ಡ ಸಾಹಸವೇ, ಸಂದೇಹವಿಲ್ಲ. ಆದರೆ ಪಾಪ, ಅವನು 1896ರಲ್ಲಿ, ನಲವತ್ತು ತುಂಬುವ ಮೊದಲೇ ತೀರಿಕೊಂಡ. ಆ ಚಕ್ರವನ್ನು ಬಿಚ್ಚಿ ಬೇರೆ ಕಡೆ ಕಟ್ಟಿ, ಸೇಂಟ್ ಲೂಯಿಯ ಮೇಳಕ್ಕೂ ಒಯ್ದು, ಕೊನೆಗೆ 1906ರಲ್ಲಿ ಸಿಡಿಮದ್ದಿಟ್ಟು ಉರುಳಿಸಿದರು. ಹದಿಮೂರು ವರ್ಷದ ಆಯುಸ್ಸು! ಇಂಥ ಆಟಗಳಿಗಾಗಿ ಮರುಗುವವರ ಪರಂಪರೆಯೂ ಹೊಸತಲ್ಲವೆಂದು ತೋರುತ್ತದೆ.

ಇಲ್ಲೊಂದು ಲೆಕ್ಕ ಹೇಳದೆ ಮುಂದೆ ಹೋಗಲಾರೆ. ಮೇಷ್ಟ್ರ ಚಾಳಿ, ಕ್ಷಮಿಸಿ. ನಮ್ಮ ಕೈರಾಟೆಯ ತೋಳು ಸುಮಾರು 1.7 ಮೀಟರ್. ಗಟ್ಟಿ ಆಳು ತಿರುಗಿಸಿದರೆ ನಾಲ್ಕು ಸೆಕೆಂಡಿಗೆ ಒಂದು ಸುತ್ತು. ಲೆಕ್ಕ ಹಾಕಿದರೆ ವೃತ್ತಚಲನೆಯ ವೇಗೋತ್ಕರ್ಷ ಭೂಮಿಯ ಗುರುತ್ವದ ಐದರಲ್ಲಿ ಎರಡು ಪಾಲಿಗಿಂತ ತುಸು ಹೆಚ್ಚು. ಎಂದರೆ 30 ಕಿಲೋ ತೂಗುವ ಹುಡುಗ ತುದಿಯಲ್ಲಿ 17 ಕಿಲೋದವನಂತೆ ಹಗುರಾಗುತ್ತಾನೆ, ತಳದಲ್ಲಿ 43 ಕಿಲೋದವನಂತೆ ಭಾರವಾಗುತ್ತಾನೆ. ಅದೂ ಎರಡೇ ಸೆಕೆಂಡುಗಳ ಅಂತರದಲ್ಲಿ. ಹೊಟ್ಟೆ ಹಿಂದುಳಿಯುವುದು ಇದರಿಂದ. ಲಂಡನ್ನಿನಲ್ಲಿರುವ ನನ್ನ ಮಗಳು ಒಮ್ಮೆ ನನ್ನನ್ನು ಥೇಮ್ಸ್ ದಂಡೆಯ ಲಂಡನ್ ಐ ಎಂಬ ಚಕ್ರದಲ್ಲಿ ಕೂರಿಸಿದ್ದಳು. 135 ಮೀಟರ್ ಎತ್ತರ, ಒಂದು ಸುತ್ತಿಗೆ ಅರ್ಧ ಗಂಟೆ. ಕಿಟಕಿಯ ಬಳಿ ಕುಳಿತು ಚೀಟಿಯ ಹಿಂಬದಿಯಲ್ಲಿ ಅದೇ ಲೆಕ್ಕ ಹಾಕಿ ನೋಡಿದೆ. ನನ್ನ ತೂಕದಲ್ಲಿ ಆಗುವ ವ್ಯತ್ಯಾಸ ಜೇಬಿನ ಚಿಲ್ಲರೆ ನಾಣ್ಯದಷ್ಟೂ ಇರಲಿಲ್ಲ. ಮಗಳಿಗೆ ಹೇಳಿದರೆ, “ಅಪ್ಪಾ, ಸ್ವಲ್ಪ ಹೊರಗೆ ನೋಡು” ಎಂದಳು.

ಈಗ ಆ ಹುಡುಗನ ವಿಷಯ. ಹೆಸರು ಬರೆಯುವುದಿಲ್ಲ. 1979ರ ತಂಡದ ನಿಮಗೆಲ್ಲ ಯಾರೆಂದು ತಿಳಿಯುತ್ತದೆ.

ಅವನ ತಂದೆ ಹಾನಗಲ್ ಕಡೆಯವನು, ಇಂಥದೊಂದು ರಾಟೆಯ ಒಡೆಯ. ಒಡೆಯನೆಂದರೆ ಮಾಲೀಕನೂ ಅವನೇ, ಯಂತ್ರವೂ ಅವನೇ. ಮಳೆಗಾಲದಲ್ಲಿ ಜಾತ್ರೆಗಳಿರುವುದಿಲ್ಲವಾದ್ದರಿಂದ ಜೂನ್ ತಿಂಗಳಿಂದ ನಮ್ಮೂರಿನಲ್ಲಿ ಗುಡಿಸಲು ಹಾಕಿಕೊಂಡು ತೋಟಗಳಲ್ಲಿ ಕೂಲಿ ಮಾಡುತ್ತಿದ್ದ. ಸಂಕ್ರಾಂತಿ ಬಂತೆಂದರೆ ಕಂಬ, ತೋಳು, ತೊಟ್ಟಿಲುಗಳನ್ನು ಗಾಡಿಗೆ ಹೇರಿ ಸಂಸಾರಸಮೇತ ಹೊರಟುಬಿಡುತ್ತಿದ್ದ. ಹುಡುಗ ಜೂನಿನಿಂದ ಜನವರಿಯವರೆಗೆ ನನ್ನ ತರಗತಿಯ ಕೊನೆಯ ಬೆಂಚಿನಲ್ಲಿ, ಉಳಿದ ತಿಂಗಳು ಜಾತ್ರೆಗಳಲ್ಲಿ. ಓದಿನಲ್ಲಿ ಮಧ್ಯಮ. ಕನ್ನಡದಲ್ಲಿ ಒತ್ತಕ್ಷರಗಳು ಅವನಿಗೆ ಒಲಿಯಲೇ ಇಲ್ಲ.

ಒಂಬತ್ತನೆಯ ತರಗತಿಯಲ್ಲಿ ಸನ್ನೆಕೋಲಿನ ಪಾಠ ಮಾಡುತ್ತಿದ್ದೆ. ಆಧಾರಬಿಂದುವಿನಿಂದ ದೂರ, ಭಾರ, ಸಮತೋಲ ಎಂದೆಲ್ಲ ಕಪ್ಪುಹಲಗೆಯ ಮೇಲೆ ಬರೆದು, ಪ್ರಶ್ನೆಗಳಿವೆಯೇ ಎಂದೆ. ಎಂದೂ ಬಾಯಿ ತೆರೆಯದ ಅವನು ಎದ್ದು ನಿಂತು, “ಸರ, ತೂಕ ಸರಿ ಇಲ್ಲಾಂದ್ರ ತೊಟ್ಲಾ ಜಗ್ಗತೈತ್ರಿ” ಎಂದ. ತರಗತಿ ನಕ್ಕಿತು. ನಾನೂ ನಕ್ಕೆನೆಂದು ಒಪ್ಪಿಕೊಳ್ಳುತ್ತೇನೆ. ಆಮೇಲೆ ಅವನನ್ನು ಮುಂದೆ ಕರೆದು ವಿವರಿಸಲು ಹೇಳಿದೆ. ಎದುರುಬದುರು ತೊಟ್ಟಿಲುಗಳಲ್ಲಿ ಭಾರ ಸಮವಾಗಿರಬೇಕು. ಇಲ್ಲದಿದ್ದರೆ ಭಾರದ ಕಡೆಯದು ಕೆಳಗೇ ನಿಲ್ಲಲು ಹಟ ಮಾಡುತ್ತದೆ, ಮೇಲೆತ್ತುವಾಗ ತಳ್ಳುವವನ ರಟ್ಟೆ ಹೋಗುತ್ತದೆ, ಇಳಿಯುವಾಗ ರಾಟೆ ಕೈಮೀರಿ ಓಡುತ್ತದೆ. ಆದ್ದರಿಂದ ಚೀಟಿ ಕೊಡುವ ಮೊದಲು ಮಕ್ಕಳನ್ನು ನೋಡಿಯೇ ತೂಕ ತಿಳಿಯಬೇಕು. ಇಷ್ಟು ಹೇಳಿ ಅವನು ತರಗತಿಯತ್ತ ತಿರುಗಿ ಬೆರಳು ತೋರಿಸುತ್ತ, “ನೀ ಈ ಕಡಿ, ನೀವಿಬ್ರು ಆ ಕಡಿ” ಎಂದು ಎಂಟು ಜನರನ್ನು ನಾಲ್ಕು ಭಾಗ ಮಾಡಿ ನಿಲ್ಲಿಸಿದ. ಅಂದು ಮಧ್ಯಾಹ್ನ ಸೊಸೈಟಿಯ ತಕ್ಕಡಿಯಲ್ಲಿ ಅವರನ್ನೆಲ್ಲ ತೂಗಿಸಿದೆವು. ನಿಮ್ಮಲ್ಲಿ ಕೆಲವರು ಅಂದು ತಕ್ಕಡಿಯ ಮೇಲೆ ಕುಳಿತವರೇ. ಎದುರುಬದುರು ಭಾಗಗಳ ನಡುವೆ ಎರಡು ಕಿಲೋಗಿಂತ ಹೆಚ್ಚು ವ್ಯತ್ಯಾಸ ಬರಲಿಲ್ಲ.

ಆ ವರ್ಷದ ಸಿರಸಿ ಜಾತ್ರೆಗೆ ತರಗತಿಯನ್ನು ಕರೆದುಕೊಂಡು ಹೋದಾಗ ಅವನು ಅಪ್ಪನ ಜೊತೆ ರಾಟೆಯ ಪಕ್ಕ ನಿಂತಿದ್ದ. ಶಾಲೆಯಲ್ಲಿ ಬೆಂಚಿನ ತುದಿಗೆ ಅಂಟಿಕೊಂಡು ಕೂರುವ ಹುಡುಗ ಅಲ್ಲಿ ಬೇರೆಯೇ ಆಗಿದ್ದ. ಅಂಗಿಯ ತೋಳು ಮಡಚಿ, ಹಣೆಗೆ ಟವೆಲು ಬಿಗಿದು, ನನ್ನನ್ನು ಕಂಡೊಡನೆ ತಂದೆಗೆ ಏನೋ ಹೇಳಿದ. ತಂದೆ ಎರಡೂ ಕೈ ಮುಗಿದು, ಅಂದು ನಮ್ಮ ಶಾಲೆಯ ಮಕ್ಕಳಿಗೆಲ್ಲ ಪುಕ್ಕಟೆ ಎಂದ. ನಾನು ದುಡ್ಡು ಕೊಡಹೋದರೆ ಹಿಂದೆ ತಳ್ಳಿದ. ಕೊನೆಗೆ ಮಕ್ಕಳ ಒತ್ತಾಯಕ್ಕೆ ನಾನೂ ಕುಳಿತೆ, ಮೂವತ್ತು ದಾಟಿದ ಪ್ಯಾಂಟುಧಾರಿ ಮೇಷ್ಟ್ರು. ನನ್ನೆದುರಿನ ತೊಟ್ಟಿಲಿಗೆ ಆ ಹುಡುಗ ಮೂವರನ್ನು ಆರಿಸಿ ಕೂರಿಸಿದ್ದನ್ನು ಕಂಡು ನನ್ನ ತೂಕದ ಬಗ್ಗೆ ನಾಚಿಕೆಯಾಯಿತು. ಮೇಲಕ್ಕೆ ಹೋದಾಗ ನಾನು ಕೂಗಿದೆ. ವರ್ಷದುದ್ದಕ್ಕೂ ಶಾಲೆಯಲ್ಲಿ ಆ ಕೂಗನ್ನು ಅನುಕರಿಸಿದವರು ಯಾರ್ಯಾರೆಂದು ನನಗೆ ಗೊತ್ತಿದೆ.

ಮರುವರ್ಷ ಅವನು ಹತ್ತನೆಯ ತರಗತಿ. ಪರೀಕ್ಷೆಗೆ ಕೂರಲು ನೂರಕ್ಕೆ 75 ಹಾಜರಾತಿ ಬೇಕಿತ್ತು. ಎಂದಿನಂತೆ ಸಂಕ್ರಾಂತಿಯ ಮೇಲೆ ಅವನು ಮಾಯ. ಲೆಕ್ಕ ತೆಗೆದಾಗ ಹನ್ನೊಂದು ದಿನ ಕಡಿಮೆ ಬಿತ್ತು. ಇಂಥ ಕೊರತೆಯನ್ನು ಮನ್ನಾ ಮಾಡಿಸಲು ಅವಕಾಶವಿತ್ತು. ತರಗತಿಯ ಶಿಕ್ಷಕ ಕಾರಣ ಬರೆದು ಶಿಫಾರಸು ಮಾಡಬೇಕು, ಮುಖ್ಯೋಪಾಧ್ಯಾಯರು ಮೇಲೆ ಕಳಿಸಬೇಕು. ನಮ್ಮ ಮುಖ್ಯೋಪಾಧ್ಯಾಯರು ಕಾಗದವನ್ನು ನನ್ನ ಮುಂದಿಟ್ಟು, “ನೀವು ಹೇಗೆ ಬರೆದರೆ ಹಾಗೆ” ಎಂದರು.

ಆಗ ನನಗೆ ನಿಯಮವೆಂದರೆ ನಿಯಮ. ತೋಟದ ಕೆಲಸಕ್ಕೆ, ಮದುವೆಗೆ, ಜಾತ್ರೆಗೆ ಎಂದು ಶಾಲೆ ತಪ್ಪಿಸುವವರ ಮೇಲೆ ಸಿಟ್ಟಿದ್ದ ಕಾಲ. ಒಬ್ಬನಿಗೆ ಸಡಿಲ ಬಿಟ್ಟರೆ ನಾಳೆ ಹತ್ತು ಜನ ಬರುತ್ತಾರೆಂಬ ವಾದ. ಅದಕ್ಕಿಂತ ಹೆಚ್ಚಿನದೂ ಒಂದಿತ್ತು, ಅದನ್ನೂ ಬರೆದುಬಿಡುತ್ತೇನೆ: ಫಲಿತಾಂಶದ ಸರಾಸರಿ. ಅವನು ಕನ್ನಡದಲ್ಲಿ ಅನುತ್ತೀರ್ಣನಾಗುವ ಸಂಭವವಿತ್ತು. “ವೈದ್ಯಕೀಯ ಕಾರಣವಿಲ್ಲ. ಶಿಫಾರಸು ಮಾಡುವುದಿಲ್ಲ” ಎಂದು ಬರೆದು ಸಹಿ ಹಾಕಿದೆ.

ಎರಡು ದಿನಗಳ ನಂತರ ಅವನ ತಂದೆ ಶಾಲೆಗೆ ಬಂದ. ಯಾವ ಊರಿನ ಜಾತ್ರೆಯಿಂದಲೋ ಬಸ್ಸು ಬದಲಿಸುತ್ತ ಬಂದಿದ್ದ. ಅಂಗಿಯ ಮೇಲೆಲ್ಲ ಕೆಂಪು ಧೂಳು. ಸಿಬ್ಬಂದಿಯ ಕೋಣೆಯ ಹೊರಗೆ ನಿಂತೇ ಮಾತಾಡಿದ, ಒಳಗೆ ಕರೆದರೂ ಬರಲಿಲ್ಲ. ನಿಜ ಹೇಳಬೇಕೆಂದರೆ ನಾನು ಒಂದೇ ಸಲ ಕರೆದೆ. “ಮಾಸ್ತರ, ಹನ್ನೊಂದ ದಿನ ಅಂದ್ರ ನಮಗ ಎರಡ ಜಾತ್ರಿ. ಎರಡ ಜಾತ್ರಿ ಬಿಟ್ಟಿದ್ರ ಆತಿತ್ತೇನ್ರಿ? ಮೊದಲ ಹೇಳಿದ್ರ ಬಿಡತಿದ್ನೆಲ್ರಿ” ಎಂದ. ನಾನು ಶಿಕ್ಷಣದ ಮಹತ್ವದ ಬಗ್ಗೆ ಸುಮಾರು ಹತ್ತು ನಿಮಿಷ ಮಾತಾಡಿದೆ. ಮುಂದಿನ ವರ್ಷ ಮತ್ತೆ ಸೇರಿಸು ಎಂದೆ. ಅವನು ತಲೆಯಾಡಿಸಿ ಹೋದ. ಮೊದಲೇ ಹೇಳಿದ್ದರೆ ಎಂಬ ಮಾತಿಗೆ ನನ್ನ ಬಳಿ ಉತ್ತರವಿರಲಿಲ್ಲ. ಏಕೆಂದರೆ ನಾನು ಮೊದಲೇ ಲೆಕ್ಕ ಹಾಕಿರಲಿಲ್ಲ. ಆ ಜೂನಿನಲ್ಲಿ ಅವರು ನಮ್ಮೂರಿಗೆ ಬರಲಿಲ್ಲ. ಗುಡಿಸಲಿನ ಜಾಗದಲ್ಲಿ ಹುಲ್ಲು ಬೆಳೆಯಿತು.

ರಾಟೆಯೂ ಕ್ರಮೇಣ ಕಾಣೆಯಾಯಿತು. ಡೀಸೆಲ್ ಇಂಜಿನ್ನಿನ ದೊಡ್ಡ ಚಕ್ರಗಳು ಬಂದವು, ಬಣ್ಣದ ಟ್ಯೂಬ್‌ಲೈಟುಗಳು ಬಂದವು. ನೂರು ಜನರನ್ನು ಒಮ್ಮೆಗೇ ಎತ್ತುವ ಯಂತ್ರದ ಪಕ್ಕ ಎಂಟು ಮಕ್ಕಳ ಮರದ ರಾಟೆಗೆ ಜಾಗದ ಬಾಡಿಗೆಯೂ ಹುಟ್ಟದಂತಾಯಿತು. ಮರದ ಕುದುರೆಗಳ ಗಿರಿಗಿಟ್ಟಲೆಯೂ ಹೀಗೆಯೇ ಹಿಂದೆ ಸರಿಯಿತು. ಸಾವಿನ ಬಾವಿ ಮಾತ್ರ ಬಹಳ ಕಾಲ ತಡೆದುಕೊಂಡಿತು. ಹಲಗೆಯ ಬಾವಿಯ ನೆಟ್ಟಗೋಡೆಯ ಮೇಲೆ ಮೈಸೂರಿನ ಯೆಜ್ದಿ ಬೈಕುಗಳು ಗುಡುಗುವಾಗ ನಾನು ಮಕ್ಕಳಿಗೆ ಘರ್ಷಣೆಯ ಪಾಠ ಮಾಡುತ್ತಿದ್ದೆ, ಯಾರೂ ಕೇಳಿಸಿಕೊಳ್ಳುತ್ತಿರಲಿಲ್ಲ. ಯೆಜ್ದಿ ತಯಾರಿಸುತ್ತಿದ್ದ ಐಡಿಯಲ್ ಜಾವಾ ಕಾರ್ಖಾನೆಯೇ 1996ರಲ್ಲಿ ಮುಚ್ಚಿತು. ಕೈರಾಟೆ ಪೂರ್ತಿ ಅಳಿದಿದೆಯೆಂದು ಹೇಳಲಾರೆ. ಸಣ್ಣ ಊರುಗಳ ಜಾತ್ರೆಗಳಲ್ಲಿ ಕಬ್ಬಿಣದ ಪುಟ್ಟ ರಾಟೆಯನ್ನು ಕೈಯಿಂದ ತಿರುಗಿಸುವವರು ಇನ್ನೂ ಸಿಗುತ್ತಾರೆ. ಮರದ್ದನ್ನು ನಾನು ಕಂಡು ಬಹಳ ವರ್ಷಗಳಾದವು.

2024ರ ಮಾರ್ಚ್‌ನಲ್ಲಿ, ಇನ್ನು ಮುಂದಿನ ಜಾತ್ರೆಗೆ ಇರುತ್ತೇನೋ ಇಲ್ಲವೋ ಎಂದು ಮಗನನ್ನು ಕಾಡಿ ಸಿರಸಿಗೆ ಹೋದೆ. ದೇವಿಯ ದರ್ಶನವಾಯಿತು. ಮಗ ಕಾರು ತರುವವರೆಗೆ ಆಟಗಳ ಬಯಲಿನ ಅಂಚಿನಲ್ಲಿ ಕುರ್ಚಿಯೊಂದರಲ್ಲಿ ಕುಳಿತಿದ್ದೆ. ಎದುರಿಗೆ ದೊಡ್ಡ ಚಕ್ರ, ಕಿವಿ ಒಡೆಯುವ ಹಾಡು. ಚೀಟಿ ಹಿಡಿದು ನಿಂತವರನ್ನು ಒಬ್ಬ ಬಿಳಿಗೂದಲಿನ ಮನುಷ್ಯ ಒಮ್ಮೆ ಮೇಲಿಂದ ಕೆಳಗೆ ನೋಡುತ್ತಿದ್ದ. ಆಮೇಲೆ ಬೆರಳಿನಿಂದ “ನೀವು ಇದರೊಳಗ, ನೀವು ನಾಲ್ಕ ಮಂದಿ ತಡೀರಿ, ಆ ಕಡಿದು ಬರ್ಲಿ” ಎಂದು ಹಂಚುತ್ತಿದ್ದ. ಆ ಬೆರಳನ್ನು ನಾನು ಎಲ್ಲಿಯಾದರೂ ಗುರುತಿಸುತ್ತಿದ್ದೆ.

ನಾನು ಎದ್ದು ಹೋಗುವ ಮೊದಲೇ ಅವನು ನನ್ನನ್ನು ಕಂಡಿದ್ದ. “ಸರ!” ಎಂದು ಓಡಿಬಂದು ಕಾಲು ಮುಟ್ಟಿದ. ನಾನು ಹಿಂದೆ ಸರಿದೆ. ಅವನು ಹುಡುಗನೊಬ್ಬನನ್ನು ತನ್ನ ಜಾಗದಲ್ಲಿ ನಿಲ್ಲಿಸಿ, ಕಬ್ಬಿನ ಹಾಲು ತರಿಸಿ, ನನ್ನ ಪಕ್ಕ ನೆಲದ ಮೇಲೆಯೇ ಕುಳಿತ. ತಂದೆ ತೀರಿಕೊಂಡು ಮೂವತ್ತು ವರ್ಷಗಳಾಗಿವೆ. ಮರದ ರಾಟೆಯನ್ನು ಇವನೂ ಹಲವು ವರ್ಷ ತಿರುಗಿಸಿ, ಆಮೇಲೆ ದೊಡ್ಡ ಚಕ್ರದವರ ಬಳಿ ಕೂಲಿಗೆ ಸೇರಿದ. ಕಟ್ಟುವುದು, ಬಿಚ್ಚುವುದು, ಬೋಲ್ಟು ಬಿಗಿಯುವುದು, ತೂಕ ನೋಡುವುದು. 2020ರಲ್ಲಿ ಸಿರಸಿಯ ಜಾತ್ರೆ ಮುಗಿಸಿ ಚಕ್ರ ಬಿಚ್ಚಿದ ಸ್ವಲ್ಪ ದಿನಕ್ಕೇ ದೇಶಕ್ಕೆ ಬೀಗ ಬಿತ್ತು. ಮುಂದಿನ ಊರಿನ ಬಯಲಿನಲ್ಲಿ ಕಬ್ಬಿಣ ಮಳೆಗೆ ತುಕ್ಕು ಹಿಡಿಯುತ್ತ ಬಿದ್ದಿತ್ತು, ಕಾಯಲು ಇವನೊಬ್ಬ. ಇದನ್ನೆಲ್ಲ ನಗುತ್ತಲೇ ಹೇಳಿದ.

ನಾನು ಕೇಳಿಯೇಬಿಟ್ಟೆ. “ಆ ಹನ್ನೊಂದು ದಿನದ ವಿಷಯ ನೆನಪಿದೆಯೇನೋ?” ಅವನು ಸ್ವಲ್ಪ ಹೊತ್ತು ಚಕ್ರದ ಕಡೆ ನೋಡಿದ. “ನನಗೇನ್ರಿ ಸರ, ಪರೀಕ್ಷಾ ತಪ್ಪಿತಲ್ಲಾ ಅಂತ ಖುಷಿನ ಆಗಿತ್ರಿ. ಅಪ್ಪಗ ಆಗಿತ್ತು. ಆಮ್ಯಾಲ ಅಂವ ಯಾವ ಸಾಲಿ ಹುಡುಗ್ರಿಗೂ ಪುಕ್ಕಟೆ ಆಡಸಲಿಲ್ರಿ.” ಇಷ್ಟೇ. ಆಪಾದನೆಯ ಧ್ವನಿಯಿರಲಿಲ್ಲ. ಹಾಗೆ ನಡೆಯಿತು ಎಂಬಂತೆ ಹೇಳಿದ. ಅಷ್ಟರಲ್ಲಿ ಚಕ್ರ ನಿಂತಿತು, ಅವನನ್ನು ಕರೆದರು.

ಎರಡು ತಿಂಗಳ ನಂತರ ಮಗನೊಡನೆ ಹಾನಗಲ್ ಬಳಿಯ ಅವನ ಊರಿಗೆ ಹೋಗಿ ಬಂದೆ. ಏಕೆ ಹೋದೆನೆಂದು ಮಗ ಕೇಳಿದ. ರಾಟೆ ಉಳಿದಿದೆಯೇ ನೋಡಬೇಕು ಎಂದೆ. ಅದೂ ಸುಳ್ಳಲ್ಲ. ಅಚ್ಚು ಗುಜರಿಗೆ ಹೋಗಿದೆ, ತೋಳುಗಳು ಮನೆಯ ಮಾಡಿಗೆ ಜಂತೆಗಳಾಗಿವೆ. ನಾಲ್ಕು ತೊಟ್ಟಿಲುಗಳಲ್ಲಿ ಒಂದು ಮಾತ್ರ ಹಿತ್ತಿಲಿನಲ್ಲಿದೆ, ಅದರ ತುಂಬ ಉಳ್ಳಾಗಡ್ಡಿ. ಅಂಚಿನ ಹಲಗೆ ಮಕ್ಕಳ ಕೈತಾಗಿ ನುಣುಪಾಗಿ ಹೊಳೆಯುತ್ತಿತ್ತು. ನಾನು ಅದನ್ನು ಹಿಡಿದು ನೋಡಿದೆ.

ಅವನ ಮೊಮ್ಮಗಳು ಒಂಬತ್ತನೆಯ ತರಗತಿಯಲ್ಲಿದ್ದಾಳೆ, ಚುರುಕಿನ ಹುಡುಗಿ. ಮಾಡಿನ ಜಂತೆಯ ಉದ್ದ ಅಳೆದು, ಮೇಲೆ ನಾನು ಬರೆದ ಲೆಕ್ಕವನ್ನು ನನ್ನ ಮುಂದೆಯೇ ಮಾಡಿದಳು. 17 ಕಿಲೋ ಸರಿಯಾಗಿಯೇ ಬಂತು. ಆದರೆ ಇಂಥದನ್ನು ಒಬ್ಬ ಮನುಷ್ಯ ಬರಿಗೈಯಿಂದ ದಿನವಿಡೀ ತಿರುಗಿಸುತ್ತಿದ್ದನೆಂದರೆ ಅವಳು ನಂಬಳು. ಚಹಾ ತಂದು ಕೊಡುವಾಗ ನನ್ನನ್ನು ಕೇಳಿದಳು: “ಸರ, ನಮ್ಮಜ್ಜ ಹತ್ತನೇತ್ತದ ಪರೀಕ್ಷಾ ಯಾಕ ಬರೀಲಿಲ್ರಿ?” ನಾನು ಬಾಯಿ ತೆರೆಯುವ ಮೊದಲೇ ಅವನು ಒಳಗಿನಿಂದ, “ನನಗ ಓದಾಕ ಮನಸ್ಸಿರಲಿಲ್ಲವಾ, ಅಷ್ಟ” ಎಂದ. ನಾನು ಚಹಾ ಕುಡಿದೆ.

ಅಂದು ಹೇಳದೆ ಬಂದದ್ದನ್ನು ಇಲ್ಲಿ ಬರೆದಿದ್ದೇನೆ. ಇದನ್ನು ಮುದ್ರಿಸಿ ಆ ಹುಡುಗಿಗೆ ಅಂಚೆಯಲ್ಲಿ ಕಳಿಸುವವನಿದ್ದೇನೆ. ಅದರ ಜೊತೆ ಇನ್ನೊಂದು ವಸ್ತುವೂ ಸೇರಬೇಕು, ಅದಕ್ಕೆ ನಿಮ್ಮ ಸಹಾಯ ಬೇಕು. ಒಂಬತ್ತನೆಯ ತರಗತಿಯ ಆ ಜಾತ್ರೆಯ ದಿನ ನಿಮ್ಮಲ್ಲೊಬ್ಬ ಮಾವನ ಅಗ್ಫಾ ಕ್ಲಿಕ್ ಕ್ಯಾಮೆರಾ ತಂದಿದ್ದ. ನಾನು ತೊಟ್ಟಿಲಿನಲ್ಲಿ ಬಾಯಿ ತೆರೆದು ಕೂಗುತ್ತಿರುವ ಚಿತ್ರ ತೆಗೆದು, ಪ್ರತಿ ಮಾಡಿಸಿ ಶಾಲೆಯಲ್ಲೆಲ್ಲ ಹಂಚಿದ್ದಿರಿ. ಒಂದನ್ನು ನಾನೇ ಕಸಿದುಕೊಂಡು ಹರಿದುಹಾಕಿದ್ದೆ. ಆ ಚಿತ್ರದ ಎಡಗಡೆಯಲ್ಲಿ ತೊಟ್ಟಿಲಿಗೆ ಎರಡೂ ಕೈಯಿಟ್ಟು ತಳ್ಳುತ್ತಿರುವ ಅವನ ತಂದೆ ಪೂರ್ತಿಯಾಗಿ ಬಂದಿದ್ದನೆಂದು ನನ್ನ ನೆನಪು. ಅವರ ಮನೆಯಲ್ಲಿ ಆ ಮನುಷ್ಯನ ಒಂದು ಭಾವಚಿತ್ರವೂ ಇಲ್ಲ. ಯಾರ ಬಳಿಯಾದರೂ, ಯಾವ ಹಳೆಯ ಟ್ರಂಕಿನ ತಳದಲ್ಲಾದರೂ ಉಳಿದಿದ್ದರೆ, ದಯವಿಟ್ಟು ಹುಡುಕಿ. ಮಸುಕಾಗಿದ್ದರೂ ಅಡ್ಡಿಯಿಲ್ಲ. ನನ್ನ ವಿಳಾಸ ಹಳೆಯದೇ.